ಬಿಲ್ಲಿನಲ್ಲಿ ಬರೆದುಕೊಡಿ, ಯಜಮಾನರೇ

ನಮ್ಮ ಪೇಟೆಬೀದಿಯ ಬೆಳ್ಳಿ ಅಂಗಡಿಯ ಯಜಮಾನರಿಗೆ,

ಇದನ್ನು ಲಕೋಟೆಯಲ್ಲಿ ಹಾಕಿ ನಿಮ್ಮೊಬ್ಬರ ಕೈಗೇ ಕೊಡಬಹುದಿತ್ತು. ನಿಮ್ಮ ಅಂಗಡಿಯಲ್ಲಿ ನಡೆಯುತ್ತಿರುವುದು ಅಲ್ಲೊಂದೇ ಕಡೆ ನಡೆಯುವುದಾಗಿದ್ದರೆ ಹಾಗೇ ಮಾಡುತ್ತಿದ್ದೆ. ನಿಮ್ಮ ಹೆಸರನ್ನಾಗಲಿ ಅಂಗಡಿಯ ಹೆಸರನ್ನಾಗಲಿ ಇಲ್ಲಿ ಬರೆಯುವುದಿಲ್ಲ. ಬೆಳ್ಳಿ ಮಾರುವ ಯಾರೇ ಓದಲಿ, ಇದು ನನಗೇ ಬರೆದದ್ದೋ ಏನೋ ಎಂದು ಒಂದು ಗಳಿಗೆ ಯೋಚಿಸಲಿ ಎಂಬುದೇ ನನ್ನ ಆಸೆ.

ನಮ್ಮ ಬೀದಿಯ ಹೆಣ್ಣುಮಗಳೊಬ್ಬಳು ಮಗನ ಕಾಲೇಜು ಫೀಸಿಗೆಂದು ತನ್ನ ಕಾಲ್ಗೆಜ್ಜೆ ಬಿಚ್ಚಿ ತಂದು ನಿಮ್ಮ ಮುಂದಿಟ್ಟಳು. ನಿಮ್ಮಲ್ಲೇ ಕೊಂಡ ಗೆಜ್ಜೆ ಅದು. ಕೊಂಡ ದಿನ ನೀವು ಹೇಳಿದ್ದು, “ಪ್ಯೂರ್ ಬೆಳ್ಳಿ ಅಮ್ಮಾ, ಕಣ್ಣು ಮುಚ್ಚಿಕೊಂಡು ತಗೊಳ್ಳಿ.” ಮಾರಲು ಬಂದ ದಿನ ಕಲ್ಲಿಗೆ ಒಮ್ಮೆ ಉಜ್ಜಿ ನೀವು ಹೇಳಿದ್ದು, “ಇದರಲ್ಲಿ ಬೆಳ್ಳಿ ಅರವತ್ತೂ ಇಲ್ಲವಲ್ಲಮ್ಮ.” ಎರಡೂ ಮಾತು ಒಂದೇ ಬಾಯಿಂದ ಬಂದವು, ಅದೇ ಗೆಜ್ಜೆಯ ಬಗ್ಗೆ. ಯಜಮಾನರೇ, ನನ್ನ ಪ್ರಶ್ನೆ ಇಷ್ಟೇ. ವಾಪಸು ಕೊಳ್ಳುವ ದಿನ ಅರೆ ನಿಮಿಷದಲ್ಲಿ ನಿಮಗೆ ಗೊತ್ತಾದ ಟಚ್ (ನೂರಕ್ಕೆ ಎಷ್ಟು ಭಾಗ ಬೆಳ್ಳಿ ಎಂಬ ಲೆಕ್ಕ), ಮಾರಿದ ದಿನ ಗೊತ್ತಿರಲಿಲ್ಲವೇ?

ಗೊತ್ತಿತ್ತು. ಸಗಟು ವ್ಯಾಪಾರಿಯಿಂದ ಗೆಜ್ಜೆಯ ಕಟ್ಟು ತರುವಾಗ ಎಷ್ಟು ಟಚ್ಚಿನ ಮಾಲು ಎಂದು ಕೇಳದೆ ನೀವು ದುಡ್ಡು ಎಣಿಸುವುದಿಲ್ಲ. ಆ ವ್ಯವಹಾರದಲ್ಲಿ ಬೆಳ್ಳಿಗೆ ಬೆಳ್ಳಿಯ ಲೆಕ್ಕ, ಮಜೂರಿಗೆ ಮಜೂರಿಯ ಲೆಕ್ಕ ಬೇರೆಬೇರೆ ಇರುತ್ತದೆ. ಗಿರಾಕಿಯ ಮುಂದೆ ಬಂದಾಗ ಮಾತ್ರ ಎಲ್ಲವೂ ಬರೀ “ಬೆಳ್ಳಿ” ಆಗಿಬಿಡುತ್ತದೆ. ಪೂರ್ತಿ ತೂಕಕ್ಕೆ ಆ ದಿನದ ಪೂರ್ತಿ ದರ, ಮೇಲೆ ಮಜೂರಿ, ಅದರ ಮೇಲೆ ವೇಸ್ಟೇಜು.

ಲೆಕ್ಕ ಸುಲಭವಾಗಲೆಂದು ಬೆಳ್ಳಿ ಕಿಲೋಗೆ 1 ಲಕ್ಷ ರೂಪಾಯಿ ಎಂದು ಹಿಡಿಯೋಣ. 200 ಗ್ರಾಂ ಗೆಜ್ಜೆಗೆ 20,000 ರೂಪಾಯಿ. ಅದರಲ್ಲಿ ಬೆಳ್ಳಿ ನೂರಕ್ಕೆ 60 ಭಾಗ ಎಂದಾದರೆ ನಿಜವಾದ ಬೆಳ್ಳಿ 120 ಗ್ರಾಂ, ಬೆಲೆ 12,000. ಉಳಿದ 80 ಗ್ರಾಂ ತಾಮ್ರ-ಸತುವಿಗೆ ಗುಜರಿಯಲ್ಲಿ ನೂರು ರೂಪಾಯಿ ಹುಟ್ಟುವುದೂ ಕಷ್ಟ. ಅದನ್ನು ನೀವು 8,000ಕ್ಕೆ ಮಾರಿದಿರಿ. 2025ರಲ್ಲಿ ಬೆಳ್ಳಿಯ ದರ ಲಕ್ಷ ದಾಟಿ, ವರ್ಷ ಮುಗಿಯುವುದರೊಳಗೆ 2 ಲಕ್ಷವನ್ನೂ ದಾಟಿತು. ದರ ಏರಿದಷ್ಟೂ ಆ ತಾಮ್ರದ ಬೆಲೆಯೂ ನಿಮ್ಮ ತಕ್ಕಡಿಯಲ್ಲಿ ಏರುತ್ತ ಹೋಯಿತು.

ಬೆಳ್ಳಿ ಶ್ರೀಮಂತರ ಲೋಹವಲ್ಲ. ಇದ್ದವರ ಮನೆಯ ಕಪಾಟಿನಲ್ಲಿ ಬೆಳ್ಳಿಯ ತಟ್ಟೆ ಇರಬಹುದು, ಆದರೆ ಅವರ ಆಪತ್ತಿಗೆ ಆಗುವುದು ಚಿನ್ನ, ಸೈಟು, ಬ್ಯಾಂಕಿನ ಠೇವಣಿ. ಬೆಳ್ಳಿಯನ್ನೇ ನೆಚ್ಚಿಕೊಂಡವರು ಬೇರೆ ಜನ. ಗಾರ್ಮೆಂಟ್ಸಿಗೆ ಹೋಗುವ ಹುಡುಗಿ ಚೀಟಿ ಎತ್ತಿದ ದುಡ್ಡಿನಲ್ಲಿ ಕೊಂಡ ಗೆಜ್ಜೆ, ಮಗುವಿನ ನಾಮಕರಣಕ್ಕೆ ಅಜ್ಜಿ ತಂದ ಉಡಿದಾರ ಮತ್ತು ಕಾಲ್ಗಡಗ, ಮದುವೆಯ ದಿನ ಬೆರಳಿಗೇರಿದ ಕಾಲುಂಗುರ, ಲಿಂಗಾಯತ ಮನೆಯ ಹಿರಿಯರ ಕೊರಳಿನ ಕರಡಿಗೆ. ಇವೆಲ್ಲ ಒಡವೆ ಹೌದು, ಕಷ್ಟಕಾಲಕ್ಕೆ ಇಟ್ಟುಕೊಂಡ ದುಡ್ಡೂ ಹೌದು. ಚಿನ್ನ ಕೈಗೆಟುಕದವರು ಬೆಳ್ಳಿಯನ್ನು ನಂಬಿದರು. ಆ ನಂಬಿಕೆಯ ಮೇಲೆ ನಿಮ್ಮ ಲಾಭ ನಿಂತಿದೆ.

ಅಕ್ಕಿಯಲ್ಲಿ ಕಲ್ಲು ಬೆರೆಸಿದವನು ಮೊದಲ ತುತ್ತಿಗೇ ಸಿಕ್ಕಿಬೀಳುತ್ತಾನೆ, ಬೆಳ್ಳಿಯಲ್ಲಿ ಬೆರೆಸಿದವನು ಹತ್ತು ವರ್ಷವಾದರೂ ಸಿಕ್ಕಿಬೀಳುವುದಿಲ್ಲ. ಕೊಂಡವಳಿಗೆ ಅದು ತಿಳಿಯುವುದು ಆಸ್ಪತ್ರೆಯ ಬಿಲ್ಲೋ ಮಗಳ ಮದುವೆಯೋ ಎದುರು ನಿಂತಾಗ. ಆ ಹೊತ್ತಿಗೆ ಅವಳಿಗೆ ಜಗಳವಾಡುವ ತ್ರಾಣವಿರುವುದಿಲ್ಲ, ಕೈಯಲ್ಲಿ ಸರಿಯಾದ ಬಿಲ್ಲೂ ಇರುವುದಿಲ್ಲ. ನೀವು ಕೊಟ್ಟಷ್ಟು ತೆಗೆದುಕೊಂಡು ಹೋಗುತ್ತಾಳೆ. ಈ ಮೋಸವನ್ನು ನಾನು ಸಣ್ಣದೆಂದು ಎಣಿಸದಿರುವುದು ಇದಕ್ಕೇ. ನಿಮ್ಮಿಂದ ಆದ ನಷ್ಟ ಅವಳಿಗೆ ಬಂದು ತಾಕುವುದು ಅವಳ ಬದುಕಿನ ಅತಿ ಕೆಟ್ಟ ವಾರದಲ್ಲಿ.

ಕಡಿಮೆ ಟಚ್ಚಿನ ಮಾಲಿನಲ್ಲಿ ಬೆಳ್ಳಿ ಸ್ವಲ್ಪವಾದರೂ ಇರುತ್ತದೆ. ಅದೂ ಇಲ್ಲದ ಮಾಲು ಇದೆ: ಹಿತ್ತಾಳೆಗೋ ತಾಮ್ರಕ್ಕೋ ಬೆಳ್ಳಿಯ ಗಿಲೀಟು ಹಾಕಿದ್ದು. ಆರು ತಿಂಗಳು ಮೈಗೆ ತಿಕ್ಕಿದರೆ ಅಂಚಿನಲ್ಲಿ ಕೆಂಪೋ ಹಳದಿಯೋ ಇಣುಕುತ್ತದೆ. ಟೊಳ್ಳು ಕಡಗದೊಳಗೆ ಅರಗನ್ನೋ ಸೀಸವನ್ನೋ ತುಂಬಿ ತೂಕ ಏರಿಸುವುದು ಹಳೆಯ ವಿದ್ಯೆ. ಜರ್ಮನ್ ಸಿಲ್ವರ್ ಎಂಬುದು ತಾಮ್ರ, ನಿಕ್ಕಲ್, ಸತು ಸೇರಿದ ಮಿಶ್ರಲೋಹ; ಅದರಲ್ಲಿ ಬೆಳ್ಳಿ ಒಂದು ಗುಲಗಂಜಿಯಷ್ಟೂ ಇಲ್ಲ. ವರಮಹಾಲಕ್ಷ್ಮಿ ಹಬ್ಬಕ್ಕೆ ಲಕ್ಷ್ಮಿಯ ಮುಖವಾಡ, ಅರಿಸಿನ-ಕುಂಕುಮದ ಬಟ್ಟಲು, ಬಾಗಿನಕ್ಕೆ ಕೊಡುವ ತಟ್ಟೆ ಇವನ್ನು ಜರ್ಮನ್ ಸಿಲ್ವರ್ ಎಂದೇ ಹೇಳಿ, ಅದರ ಬೆಲೆಗೇ ಮಾರಿದರೆ ಯಾರ ತಕರಾರೂ ಇಲ್ಲ. ನಾನೂ ಕೊಂಡಿದ್ದೇನೆ, ಚೆನ್ನಾಗಿರುತ್ತವೆ. ಅದೇ ಲೋಹದ ಉಂಗುರವನ್ನು ಬೆಳ್ಳಿಯ ಟ್ರೇಯಲ್ಲಿ ಬೆಳ್ಳಿಯ ಉಂಗುರಗಳ ನಡುವೆ ಇಟ್ಟು ಸುಮ್ಮನಿರುವುದು ಬೇರೆ ವಿಷಯ. ನಿಕ್ಕಲ್ ಎಷ್ಟೋ ಜನರ ಚರ್ಮಕ್ಕೆ ಆಗುವುದಿಲ್ಲ. ಕಾಲುಂಗುರದ ಬುಡದಲ್ಲಿ ತುರಿಕೆ ಎದ್ದು ನೀರಾಡಿದರೆ ಹೆಂಗಸರು ಸೋಪನ್ನೋ ಬಿಸಿಲನ್ನೋ ದೂರುತ್ತಾರೆ. ಬೆಳ್ಳಿ ಎಂದು ನಂಬಿ ಹಾಕಿಕೊಂಡದ್ದರ ಮೇಲೆ ಅವರಿಗೆ ಅನುಮಾನವೇ ಬರುವುದಿಲ್ಲ. ಎಳೆ ಕೂಸಿಗೆ ಹಾಲು ಕುಡಿಸುವ ಬಟ್ಟಲು, ಒಳಲೆಗಳಲ್ಲೂ ಇದೇ ಆಟ ಆಡುವವರಿದ್ದಾರೆ. ಅದರ ಬಗ್ಗೆ ಇದಕ್ಕಿಂತ ಹೆಚ್ಚು ಬರೆಯಲು ನನಗೆ ಸಿಟ್ಟು ಬಿಡುತ್ತಿಲ್ಲ.

ಈ ಕಸುಬಿನ ಕಳ್ಳದಾರಿಗಳು ನಿಮ್ಮಿಂದ ಶುರುವಾದವಲ್ಲ. 1905ರಲ್ಲಿ ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳ ಕೈಗೆ ಸಿಕ್ಕಿ, 1909ರಲ್ಲಿ ಅಚ್ಚಾದ ಕೌಟಿಲ್ಯನ ಅರ್ಥಶಾಸ್ತ್ರ ಅಕ್ಕಸಾಲೆಯ ಮೋಸಗಳನ್ನು ಐದು ಬಗೆಯಾಗಿ ಎಣಿಸುತ್ತದೆ: ತುಲಾವಿಷಮ, ಅಪಸಾರಣ, ವಿಸ್ರಾವಣ, ಪೇಟಕ, ಪಿಂಕ. ತಕ್ಕಡಿಯ ಮೋಸ ಮೊದಲನೆಯದು. ಪೇಟಕದ ವಿವರಣೆಯಲ್ಲಿ ಸೀಸದ ತುಂಡಿಗೆ ಮೇಲೆ ಬೆಲೆಬಾಳುವ ತಗಡು ಹೊದಿಸಿ ಅಂಟಿಸುವ ಮಾತು ಬರುತ್ತದೆ. ಇಂದಿನ ಟೊಳ್ಳು ಕಡಗವನ್ನು ಕತ್ತರಿಸಿ ನೋಡಿದರೆ ಕಾಣುವುದೂ ಅದೇ. ಅಷ್ಟು ಹಿಂದೆಯೇ ರಾಜ್ಯವು ಈ ಕಸುಬಿನ ಮೇಲೆ ಅಧಿಕಾರಿಯನ್ನು ನೇಮಿಸಬೇಕು, ಕಡಿಮೆ ಮಾಡಿದವನಿಗೆ ದಂಡ ಹಾಕಬೇಕು ಎಂದು ಯೋಚಿಸಿತ್ತು. ನಾವು ಇನ್ನೂ ಯೋಚಿಸುತ್ತಲೇ ಇದ್ದೇವೆ.

ಚಿನ್ನದ ವಿಷಯದಲ್ಲಿ ಯೋಚನೆ ಮುಗಿದು ಕೆಲಸವಾಗಿದೆ. 2021ರ ಜೂನ್‌ನಿಂದ ಚಿನ್ನದ ಒಡವೆಗೆ ಹಾಲ್‌ಮಾರ್ಕ್ ಜಿಲ್ಲೆಯಿಂದ ಜಿಲ್ಲೆಗೆ ಕಡ್ಡಾಯವಾಗುತ್ತ ಬಂತು. 2023ರ ಏಪ್ರಿಲ್ 1ರಿಂದ ಆರು ಅಕ್ಷರ-ಅಂಕಿಗಳ ಗುರುತಿನ ಸಂಖ್ಯೆ (ಎಚ್‌ಯುಐಡಿ) ಇಲ್ಲದೆ ಹಾಲ್‌ಮಾರ್ಕ್ ಚಿನ್ನ ಮಾರುವಂತಿಲ್ಲ. ಬೆಳ್ಳಿಗೆ ಭಾರತೀಯ ಮಾನಕ ಬ್ಯೂರೋದ (ಬಿಐಎಸ್) ಹಾಲ್‌ಮಾರ್ಕ್ 2005ರಿಂದಲೇ ಇದೆ. 2025ರ ಸೆಪ್ಟೆಂಬರ್ 1ರಿಂದ ಅದಕ್ಕೂ ಎಚ್‌ಯುಐಡಿ ಬಂದಿದೆ. ಆದರೆ ಬೆಳ್ಳಿಯಲ್ಲಿ ಅದು ವ್ಯಾಪಾರಿಯ ಇಷ್ಟಕ್ಕೆ ಬಿಟ್ಟ ಮಾತು. ಕಡ್ಡಾಯವಿಲ್ಲ. ಯಾರಿಗೆ ರಕ್ಷಣೆ ಹೆಚ್ಚು ಬೇಕಿತ್ತೋ ಅವರ ಲೋಹಕ್ಕೇ ಕಾನೂನು ಅರ್ಧ ದಾರಿಯಲ್ಲಿ ನಿಂತಿದೆ. ಇದನ್ನು ದೆಹಲಿಯಲ್ಲಿ ಕೂತವರೂ ಓದಲಿ ಎಂದೇ ಬರೆಯುತ್ತಿದ್ದೇನೆ: ಮೂಗುಬೊಟ್ಟಿನಂಥ ಚೂರುಪಾರು ಒಡವೆಗಳಿಗೆ ಬೇಕಾದರೆ ವಿನಾಯಿತಿ ಕೊಡಿ, ಗೆಜ್ಜೆ, ಕಡಗ, ಉಡಿದಾರ, ತಟ್ಟೆ, ಲೋಟಗಳಿಗೆ ಮುದ್ರೆ ಕಡ್ಡಾಯ ಮಾಡಿ.

“ಹಾಲ್‌ಮಾರ್ಕ್ ಹಾಕಿಸಿದರೆ ದುಬಾರಿಯಾಗುತ್ತೆ ಮೇಡಂ” ಎಂದು ನೀವೇ ನನಗೆ ಹೇಳಿದ್ದೀರಿ. ಹಾಲ್‌ಮಾರ್ಕ್ ಕೇಂದ್ರಕ್ಕೆ ಒಂದು ಬೆಳ್ಳಿ ಒಡವೆಗೆ ಕೊಡಬೇಕಾದ ಶುಲ್ಕ 35 ರೂಪಾಯಿ, ಮೇಲೆ ತೆರಿಗೆ. 20,000 ರೂಪಾಯಿಯ ಗೆಜ್ಜೆಗೆ ಅದು ಭಾರವೇ? ಆ 35 ರೂಪಾಯಿಯನ್ನು ನನ್ನಿಂದಲೇ ವಸೂಲು ಮಾಡಿ, ಸಂತೋಷವಾಗಿ ಕೊಡುತ್ತೇನೆ.

“ಇದರ ಮೇಲೆ 92.5 ಅಂತ ಇದೆಯಲ್ಲ, ನೋಡಿ” ಎಂದು ಭೂತಗನ್ನಡಿ ಕೊಡುವುದೂ ನಿಮ್ಮ ರೂಢಿ. 92.5 ಎಂದರೆ ಸಾವಿರಕ್ಕೆ 925 ಭಾಗ ಬೆಳ್ಳಿ, ಲೋಕವೆಲ್ಲ ಸ್ಟರ್ಲಿಂಗ್ ಎಂದು ಕರೆಯುವ ಮಟ್ಟ. ಅಂಕಿ ಸರಿಯೇ. ಆದರೆ ಆ ಅಂಕಿಯನ್ನಷ್ಟೇ ಒತ್ತುವ ಪಂಚು ಯಾರಿಗೆ ಬೇಕಾದರೂ ಸಿಗುತ್ತದೆ. ಈಗಿನ ಬೆಳ್ಳಿ ಹಾಲ್‌ಮಾರ್ಕ್‌ನಲ್ಲಿ ಮೂರು ಗುರುತು ಇರಬೇಕು: ಬಿಐಎಸ್‌ನ ತ್ರಿಕೋನದ ಮುದ್ರೆ ಮತ್ತು ಅದರೊಂದಿಗೆ ಇಂಗ್ಲಿಷಿನಲ್ಲಿ ‘ಸಿಲ್ವರ್’ ಎಂಬ ಪದ, ಶುದ್ಧತೆಯ ಅಂಕಿ, ಎಚ್‌ಯುಐಡಿ. ಆ ಎಚ್‌ಯುಐಡಿಯನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿದರೆ ಅದು ಎಂಥ ಒಡವೆ, ಎಷ್ಟು ಶುದ್ಧ ಎಂಬುದು ಮೊಬೈಲಿನಲ್ಲೇ ಕಾಣುತ್ತದೆ. ಕೈಯಲ್ಲಿರುವುದು ಗೆಜ್ಜೆ, ಆ್ಯಪ್ ತೋರಿಸುವುದು ಲೋಟ ಎಂದಾದರೆ ಮುದ್ರೆ ಕದ್ದದ್ದು. 2025ರ ಸೆಪ್ಟೆಂಬರ್‌ಗಿಂತ ಹಿಂದೆ ಮುದ್ರೆ ಹಾಕಿಸಿದ ಮಾಲಿನಲ್ಲಿ ಎಚ್‌ಯುಐಡಿ ಇರದಿರಬಹುದು, ಬಿಐಎಸ್ ಮುದ್ರೆ ಇರಲೇಬೇಕು. ಬರೀ 92.5 ಎಂಬ ಅಂಕಿ ನಿಮ್ಮ ಮಾತಿನಷ್ಟೇ ಬೆಲೆಯದ್ದು.

ನಮ್ಮವರು ಮನೆಯಲ್ಲಿ ಮಾಡುವ ಪರೀಕ್ಷೆಗಳೂ ನಿಮಗೆ ಅನುಕೂಲವಾಗಿಯೇ ಇವೆ. ಆಯಸ್ಕಾಂತ ಅಂಟಲಿಲ್ಲ, ಆದ್ದರಿಂದ ಬೆಳ್ಳಿ ಎನ್ನುತ್ತಾರೆ. ತಾಮ್ರ, ಹಿತ್ತಾಳೆ, ಜರ್ಮನ್ ಸಿಲ್ವರ್ ಯಾವುದಕ್ಕೂ ಅದು ಅಂಟುವುದಿಲ್ಲ. ಐಸ್ ಬೇಗ ಕರಗಿತು ಎನ್ನುತ್ತಾರೆ. ತಾಮ್ರದ ಮೇಲೂ ಬೇಗ ಕರಗುತ್ತದೆ. ಒರೆಗಲ್ಲಿಗೆ ತಿಕ್ಕುವುದು ಮೇಲಿನ ಪದರವನ್ನು, ಅಲ್ಲಿ ಗಿಲೀಟಿನ ಬೆಳ್ಳಿ ಇದ್ದೇ ಇರುತ್ತದೆ. ನೀವು ಹೆಮ್ಮೆಯಿಂದ ತೋರಿಸುವ ಎಕ್ಸ್‌ರೇ ಯಂತ್ರವೂ ಓದುವುದು ಮೇಲ್ಮೈಯನ್ನೇ; ಗಿಲೀಟು ದಪ್ಪವಾಗಿದ್ದರೆ ಒಳಗಿನ ಹಿತ್ತಾಳೆ ಅದರ ಕಣ್ಣಿಗೆ ಬೀಳುವುದಿಲ್ಲ. ಗಟ್ಟಿ ಒಡವೆಯಾದರೆ ನೀರಿನ ಲೆಕ್ಕ ಸ್ವಲ್ಪ ಸಹಾಯಕ್ಕೆ ಬರುತ್ತದೆ: 100 ಗ್ರಾಂ ಶುದ್ಧ ಬೆಳ್ಳಿ ಸುಮಾರು 9.5 ಮಿಲಿಲೀಟರ್ ನೀರನ್ನು ಮೇಲೇರಿಸಿದರೆ, ಅಷ್ಟೇ ತೂಕದ ಜರ್ಮನ್ ಸಿಲ್ವರ್ 11ಕ್ಕಿಂತ ಹೆಚ್ಚು ಏರಿಸುತ್ತದೆ. ಟೊಳ್ಳು ಗೆಜ್ಜೆಗೆ, ಸೀಸ ತುಂಬಿದ ಕಡಗಕ್ಕೆ ಈ ಲೆಕ್ಕವೂ ನಿಲ್ಲದು. ಕೊನೆಗೆ ಉಳಿಯುವುದು ಬಿಐಎಸ್ ಮಾನ್ಯತೆಯ ಹಾಲ್‌ಮಾರ್ಕ್ ಕೇಂದ್ರ. ಸಾಮಾನ್ಯ ಗಿರಾಕಿಯೂ ಅಲ್ಲಿ ಶುಲ್ಕ ಕಟ್ಟಿ ತನ್ನ ಒಡವೆಯನ್ನು ಪರೀಕ್ಷೆ ಮಾಡಿಸಿಕೊಳ್ಳಬಹುದು. ಇದು ನಮ್ಮ ಹೆಂಗಸರಲ್ಲಿ ಬಹುಪಾಲು ಜನರಿಗೆ ತಿಳಿದಿಲ್ಲ. ಇನ್ನು ಮುಂದೆ ತಿಳಿಯುತ್ತದೆ.

ಈಗ ಬಿಲ್ಲಿನ ಮಾತು. ಈ ಪತ್ರ ಬರೆಯಲು ಕೂತದ್ದೇ ಅದಕ್ಕಾಗಿ.

ನಿಮ್ಮ ಅಂಗಡಿಯಲ್ಲಿ ಸಿಗುವುದು ಒಂದು ಪುಟ್ಟ ಚೀಟಿ. ಒಂದು ಕಡೆ ಲಕ್ಷ್ಮಿಯ ಚಿತ್ರ, ಇನ್ನೊಂದು ಕಡೆ ಪೆನ್ನಿನಲ್ಲಿ ಗೀಚಿದ ತೂಕ ಮತ್ತು ಮೊತ್ತ. ಅದರಲ್ಲಿ ಅಂಗಡಿಯ ಜಿಎಸ್‌ಟಿ ಸಂಖ್ಯೆ ಇಲ್ಲ, ಯಾವ ಟಚ್ ಎಂಬುದಿಲ್ಲ, ಮಜೂರಿ ಎಷ್ಟು ಎಂಬುದಿಲ್ಲ. ಸರಿಯಾದ ಬಿಲ್ಲು ಕೇಳಿದರೆ, “ಬಿಲ್ಲು ಹಾಕಿದರೆ ಮೂರು ಪರ್ಸೆಂಟ್ ಟ್ಯಾಕ್ಸ್ ಬೀಳುತ್ತೆ, ನಿಮಗೇ ಲಾಸು” ಎನ್ನುತ್ತೀರಿ. ಗಿರಾಕಿಯೂ ತಲೆಯಾಡಿಸುತ್ತಾಳೆ. 20,000ಕ್ಕೆ 3 ಪರ್ಸೆಂಟ್ ಎಂದರೆ 600 ರೂಪಾಯಿ. ಅಷ್ಟು ಉಳಿಸಲು ಹೋಗಿ ಆಕೆ 8,000 ರೂಪಾಯಿಯ ಮೋಸಕ್ಕೆ ತನ್ನ ಬಳಿ ಇರಬಹುದಾಗಿದ್ದ ಒಂದೇ ಸಾಕ್ಷಿಯನ್ನು ಬಿಟ್ಟುಕೊಡುತ್ತಾಳೆ. ಆಕೆಯ ಉಳಿತಾಯದ ಬಗ್ಗೆ ನಿಮಗೆ ಅಷ್ಟೊಂದು ಕಾಳಜಿ ಇದ್ದರೆ ಮಜೂರಿಯಲ್ಲಿ ಬಿಡಿ.

ನಿಮಗೆ ಗೊತ್ತಿರಲಿ: 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಬಿಲ್ಲು ಕೊಡದಿರುವುದೇ ಒಂದು ಅನ್ಯಾಯದ ವ್ಯಾಪಾರ ಪದ್ಧತಿ. ಇಲ್ಲದ ಗುಣವನ್ನು ಇದೆ ಎಂದು ಹೇಳಿ ಮಾರುವುದೂ ಅದೇ ಪಟ್ಟಿಯಲ್ಲಿದೆ. 5 ಲಕ್ಷ ರೂಪಾಯಿವರೆಗಿನ ದೂರಿಗೆ ಜಿಲ್ಲಾ ಗ್ರಾಹಕ ಆಯೋಗದಲ್ಲಿ ಶುಲ್ಕವೂ ಇಲ್ಲ, ವಕೀಲರನ್ನು ಇಟ್ಟುಕೊಳ್ಳಲೇಬೇಕೆಂದೂ ಇಲ್ಲ. ಹಾಲ್‌ಮಾರ್ಕ್ ಇದ್ದ ಒಡವೆ ಹೇಳಿದ್ದಕ್ಕಿಂತ ಕಡಿಮೆ ಶುದ್ಧವೆಂದು ಕಂಡರೆ 2018ರ ಬಿಐಎಸ್ ನಿಯಮಗಳ ಪ್ರಕಾರ ಕೊರತೆ ಬಿದ್ದ ಮೊತ್ತದ ಎರಡರಷ್ಟನ್ನೂ ಪರೀಕ್ಷೆಯ ಖರ್ಚನ್ನೂ ಮಾರಿದವನೇ ಕೊಡಬೇಕು. ಮೇಲಿನ ಗೆಜ್ಜೆಯ ಮೇಲೆ 925ರ ನಿಜವಾದ ಹಾಲ್‌ಮಾರ್ಕ್ ಇದ್ದು ಒಳಗೆ 60 ಇದ್ದಿದ್ದರೆ, ಕೊರತೆ 6,500, ಪರಿಹಾರ 13,000. ಹಾಲ್‌ಮಾರ್ಕ್ ಬೇಡ ಎನ್ನುವ ನಿಮ್ಮ ಹಟದ ಹಿಂದೆ 35 ರೂಪಾಯಿಯ ಚಿಂತೆ ಇದೆಯೋ, ಈ 13,000ದ ಚಿಂತೆ ಇದೆಯೋ ಎಂದು ನನಗೆ ಅನುಮಾನ.

ಕಾನೂನಿನಲ್ಲಿ ಒಂದು ತೊಡಕಿದೆ, ಅದನ್ನು ನಮ್ಮ ಹೆಂಗಸರಿಗೆ ಹೇಳಲೇಬೇಕು. ಗ್ರಾಹಕ ಆಯೋಗಕ್ಕೆ ದೂರು ಕೊಡಲು ಎರಡು ವರ್ಷದ ಗಡುವು. ತಡವಾಗಿದ್ದಕ್ಕೆ ಕಾರಣ ತೋರಿಸಿ ಕೇಳಿಕೊಳ್ಳಬಹುದು, ಆದರೆ ಕೈಯಲ್ಲಿ ಕಾಗದವಿಲ್ಲದೆ ಏನನ್ನು ತೋರಿಸುವುದು? ಆದ್ದರಿಂದ ಅಕ್ಕಂದಿರೇ, ಕೊಂಡ ವಾರದಲ್ಲೇ ಪರೀಕ್ಷೆ ಮಾಡಿಸಿ. ಮಾರುವ ದಿನ ನೋಡೋಣ ಎಂದು ಪೆಟ್ಟಿಗೆಯಲ್ಲಿ ಇಡಬೇಡಿ.

ಯಜಮಾನರೇ, ಹಳೆಯ ಆಟ ಇನ್ನು ಬಹಳ ದಿನ ನಡೆಯುವುದೂ ಕಷ್ಟ. ರಿಸರ್ವ್ ಬ್ಯಾಂಕ್ 2025ರ ಜೂನ್‌ನಲ್ಲಿ ಹೊರಡಿಸಿದ ನಿರ್ದೇಶನ ಚಿನ್ನದ ಜೊತೆಗೆ ಬೆಳ್ಳಿ ಒಡವೆಯ ಮೇಲಿನ ಸಾಲಕ್ಕೂ ನಿಯಮ ಮಾಡಿದೆ. ಒಬ್ಬರು 10 ಕಿಲೋವರೆಗೆ ಬೆಳ್ಳಿ ಒಡವೆ ಅಡವಿಡಬಹುದು. ಶುದ್ಧತೆಯ ಪರೀಕ್ಷೆ ಸಾಲಗಾರರ ಎದುರಿಗೇ ಆಗಬೇಕು. 2026ರ ಏಪ್ರಿಲ್ 1ರೊಳಗೆ ಇದನ್ನು ಪಾಲಿಸಬೇಕೆಂದು ಸಾಲ ಕೊಡುವ ಸಂಸ್ಥೆಗಳಿಗೆ ಗಡುವು ಕೊಟ್ಟಿತ್ತು. ಬೆಳ್ಳಿಯನ್ನೇ ನಂಬಿದವರಿಗೆ ಇದು ದೊಡ್ಡ ಆಸರೆಯಾಗಬಹುದಾದ ಕ್ರಮ. ಆದರೆ ನೀವು ಮಾರಿದ ಮಾಲು ಇಟ್ಟುಕೊಂಡವರ ಗತಿ ಏನು? ಬ್ಯಾಂಕಿನ ಕೌಂಟರಿನಲ್ಲಿ, ಪರಿಚಯದ ಜನರ ನಡುವೆ, “ಇದು ಬೆಳ್ಳಿ ಅಲ್ಲಮ್ಮ” ಎಂದು ಕೇಳಿಸಿಕೊಳ್ಳುವುದು ಅವರೇ. ನಕಲಿ ಒಡವೆ ಅಡವಿಡಲು ಬಂದವಳು ಎಂದು ಜನ ನೋಡುವುದು ಅವರನ್ನೇ. ಮೋಸ ಮಾಡಿದ್ದು ನೀವು, ತಲೆ ತಗ್ಗಿಸುವುದು ಅವರು. ನನ್ನ ಸಂಕಟ ಹಣದ ಲೆಕ್ಕದಲ್ಲೇ ಮುಗಿಯದೆ ಮುಂದೆ ಹೋಗುವುದು ಇಲ್ಲಿ.

ಬೆಳ್ಳಿ ಕೆಲಸದವರ ಮೇಲೆ ನನಗೆ ಸಿಟ್ಟಿಲ್ಲ. ನಿಪ್ಪಾಣಿಯ ಗಡಿಯಾಚೆ ಕೊಲ್ಲಾಪುರ ಜಿಲ್ಲೆಯ ಹುಪರಿಯಲ್ಲಿ, ತಮಿಳುನಾಡಿನ ಸೇಲಂನಲ್ಲಿ ಮನೆಮನೆಯಲ್ಲೂ ಗೆಜ್ಜೆ ಕೆಲಸ ನಡೆಯುತ್ತದೆ. ಸಣ್ಣ ಕೊಂಡಿಗಳನ್ನು ಒಂದೊಂದಾಗಿ ಬೆಸೆಯುವವರು ಬಹಳ ಕಡೆ ಹೆಂಗಸರೇ, ಸಿಗುವುದು ಕೂಲಿ. ಗೆಜ್ಜೆಗೆ ಬೆಸುಗೆ ಬೇಕು, ಬೆಸುಗೆಯಲ್ಲಿ ಬೇರೆ ಲೋಹ ಸೇರುತ್ತದೆ, ಅದರಿಂದ ಟಚ್ ಸ್ವಲ್ಪ ಇಳಿಯುತ್ತದೆ. ಇದು ಕೆಲಸದ ಸ್ವಭಾವ, ಯಾರೂ ಅಲ್ಲಗಳೆಯುವುದಿಲ್ಲ. ಗೆಜ್ಜೆಯಲ್ಲಿ ಇಂತಿಷ್ಟೇ ಬೆಳ್ಳಿ ಇದೆ ಎಂದು ಹೇಳಿ ಅದಕ್ಕೆ ತಕ್ಕ ಬೆಲೆ ಹಾಕುವುದರಲ್ಲಿ ಯಾವ ತಪ್ಪೂ ಇಲ್ಲ. ಬೆಂಗಳೂರಿನ ಅವೆನ್ಯೂ ರಸ್ತೆ, ನಗರ್ತಪೇಟೆಯ ಓಣಿಗಳಲ್ಲಿ ಟಚ್ ಕೇಳಿದರೆ ಅಂಕಿಯನ್ನೇ ಹೇಳಿ, ಬರೆದೂ ಕೊಡುವ ವ್ಯಾಪಾರಿಗಳನ್ನು ನಾನು ಕಂಡಿದ್ದೇನೆ. ಅಂಥವರ ಗೆಜ್ಜೆ ಗ್ರಾಂಗೆ ಹತ್ತಿಪ್ಪತ್ತು ರೂಪಾಯಿ ಹೆಚ್ಚು ಎಂದು ಗಿರಾಕಿ ಎದ್ದು ನಿಮ್ಮಲ್ಲಿಗೆ ಬರುತ್ತಾಳೆ. ನಿಮ್ಮ ಅಗ್ಗದ ಬೋರ್ಡು ಮೊದಲು ಕೊಲ್ಲುತ್ತಿರುವುದು ನಿಮ್ಮದೇ ಕಸುಬಿನ ನಿಯತ್ತಿನವರನ್ನು.

ಈಗ ನನ್ನ ಕೋರಿಕೆ. ಮಾರುವ ಪ್ರತಿ ಬೆಳ್ಳಿ ಒಡವೆಗೂ ಜಿಎಸ್‌ಟಿ ಸಂಖ್ಯೆ ಇರುವ ಬಿಲ್ಲು ಕೊಡಿ. ಅದರಲ್ಲಿ ಒಡವೆಯ ಹೆಸರು, ತೂಕ, ಸಾವಿರಕ್ಕೆ ಎಷ್ಟು ಭಾಗ ಬೆಳ್ಳಿ, ಆ ದಿನದ ದರ, ಮಜೂರಿ, ಹಾಲ್‌ಮಾರ್ಕ್ ಇದ್ದರೆ ಎಚ್‌ಯುಐಡಿ, ವಾಪಸು ತಂದರೆ ಯಾವ ಲೆಕ್ಕದಲ್ಲಿ ಕೊಳ್ಳುತ್ತೀರಿ ಎಂಬುದನ್ನು ಬರೆಯಿರಿ. 60 ಇದ್ದರೆ 600 ಎಂದೇ ಬರೆಯಿರಿ. ಜರ್ಮನ್ ಸಿಲ್ವರಿಗೆ ಬೇರೆ ಕಪಾಟು ಮಾಡಿ, ಮೇಲೆ ಕನ್ನಡದಲ್ಲಿ ದಪ್ಪ ಅಕ್ಷರದಲ್ಲಿ “ಇದರಲ್ಲಿ ಬೆಳ್ಳಿ ಇಲ್ಲ” ಎಂದು ಬೋರ್ಡು ಹಾಕಿ. ನೀವು ಈಗಾಗಲೇ ಮಾರಿರುವ ಗೆಜ್ಜೆಗಳನ್ನು ವಾಪಸು ತಂದವರಿಗೆ, ಮಾರಿದ ದಿನ ಆಡಿದ ಮಾತಿನ ಲೆಕ್ಕದಲ್ಲೇ ಹಣ ಕೊಡಿ.

ನಮ್ಮ ಬೀದಿಯ ಸ್ತ್ರೀಶಕ್ತಿ ಸಂಘದವರು ಬರುವ ಹಬ್ಬಕ್ಕೆ ಬೆಳ್ಳಿ ಕೊಳ್ಳುವವರಿದ್ದಾರೆ. ಅವರೊಂದಿಗೆ ಮಾತಾಡಿದ್ದೇನೆ. ನಿಮ್ಮ ಅಂಗಡಿಗೇ ಮೊದಲು ಬರುತ್ತೇವೆ, ಯಾಕೆಂದರೆ ನೀವು ನಮ್ಮೂರಿನವರು. ಒಡವೆ ಆರಿಸಿ, ಬೆಲೆ ಒಪ್ಪಿ, ದುಡ್ಡು ತೆಗೆಯುವ ಮೊದಲು ಬಿಲ್ಲಿನಲ್ಲಿ ಟಚ್ ಬರೆದುಕೊಡಿ ಎಂದು ಕೇಳುತ್ತೇವೆ. ಬರೆದುಕೊಟ್ಟರೆ ಕೊಳ್ಳುತ್ತೇವೆ, ಹಾಲ್‌ಮಾರ್ಕ್ ಕೇಂದ್ರದಲ್ಲಿ ಪರೀಕ್ಷೆ ಮಾಡಿಸುತ್ತೇವೆ, ಬಂದ ಫಲಿತಾಂಶ ಏನೇ ಇರಲಿ, ಅದನ್ನು ನಿಮಗೂ ತೋರಿಸುತ್ತೇವೆ. ಬರೆದುಕೊಡದಿದ್ದರೆ ಅಲ್ಲೇ ನಿಂತು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡುತ್ತೇವೆ.

ಇಂತಿ,
ನಿಮ್ಮ ಅಂಗಡಿಯ ಹಳೆಯ ಗಿರಾಕಿ